ಮ್ಯಾಗಜೀನು ಬಿಚ್ಚಿಟ್ಟ ಬಂದೂಕು

ಕಾಡತೂಸು ಕಾರ್ಪೆಟ್ಟಿನ ಮೇಲೆ ಬಿದ್ದಾಗ ಸದ್ದೇ ಆಗಲಿಲ್ಲ. ಆಯುಧಪೂಜೆಗೆಂದು ಬಂದೂಕನ್ನು ಒರೆಸಲು ಕೂತಿದ್ದ ಶ್ರೀಕಂಠ, ಹೋದ ವರ್ಷದ ಹಾಗೆ ಮೇಲೆ ಮೇಲೆ ಒರೆಸಿದರೆ ಸಾಲದು, ಈ ಸಲ ಒಳಗೂ ಒಂದು ತೊಟ್ಟು ಎಣ್ಣೆ ಬಿಡೋಣ ಎಂದುಕೊಂಡು, ಟ್ರಿಗರಿನ ಪಕ್ಕದ ಗುಂಡಿಯನ್ನು ಒತ್ತಿ, ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆ ಎಳೆದಿದ್ದ. ಪಕ್ಕದ ಕಿಂಡಿಯಿಂದ ಕೆಂಪಗಿನದೊಂದು ಹಾರಿ ಬಂದು ಅವನ ಮಂಡಿಗೆ ತಗುಲಿ, ಉರುಳಿ, ಹೆಂಡತಿ ರಮಾಳ ರೇಷ್ಮೆ ಸೀರೆಗಳ ಪೆಟ್ಟಿಗೆಯ ಹತ್ತಿರ ನಿಂತಿತು. ಹೆಬ್ಬೆರಳಿನಷ್ಟು ದಪ್ಪ, ಬುಡದಲ್ಲಿ ಹಿತ್ತಾಳೆ. ರಮಾಳ ಲಿಪ್‌ಸ್ಟಿಕ್ಕು ಇರಬೇಕು ಎಂದು ಅವನ ಮನಸ್ಸು ಹೇಳಿತು. ಮನಸ್ಸು ಎಂಥ ಸುಳ್ಳನ್ನಾದರೂ ಎಷ್ಟು ಬೇಗ ಹೊಸೆದು ಕೊಡುತ್ತದೆ ಎಂದು ಅವನಿಗೇ ಆಶ್ಚರ್ಯವಾಯಿತು. ಭಾನುವಾರ ಬೆಳಗಿನ ಒಂಬತ್ತೂವರೆ. ನಿಜವಾದ ಆಯುಧಪೂಜೆ ಬುಧವಾರವೇ ಮುಗಿದುಹೋಗಿತ್ತು. ಹಬ್ಬಕ್ಕೆ ರಜೆಯಿಲ್ಲದ ಈ ಪರದೇಶದ ಪ್ಲೆಸೆಂಟನ್ನಿನಲ್ಲಿ ಎಲ್ಲ ಹಬ್ಬಗಳೂ ಭಾನುವಾರವೇ ಬರುತ್ತವೆ. ಕೆಳಗೆ ಮಿಕ್ಸಿ ತಿರುಗುತ್ತಿತ್ತು. ಹನ್ನೆರಡಕ್ಕೆ ಜನ ಬರುವವರಿದ್ದರು. ಅವನು ಮೊಣಕಾಲ ಮೇಲೆ ನಡೆದು ಹೋಗಿ ಅದನ್ನು ಎತ್ತಿಕೊಂಡ. ಲಿಪ್‌ಸ್ಟಿಕ್ಕಿಗಿಂತ ಭಾರವಾಗಿತ್ತು.

ಆದರೆ ಇದು ಸಾಧ್ಯವೇ ಇಲ್ಲವಲ್ಲ ಎಂದು ವಾದಿಸಿಕೊಂಡ. ಕಾಡತೂಸುಗಳೆಲ್ಲ ಮ್ಯಾಗಜೀನೆಂಬ ಡಬ್ಬಿಯಲ್ಲಿದ್ದವು, ಮ್ಯಾಗಜೀನು ಮಂಚದ ಕೆಳಗಿನ ಇನ್ನೊಂದು ಪೆಟ್ಟಿಗೆಯಲ್ಲಿ, ಆ ಪೆಟ್ಟಿಗೆಗೆ ಬೇರೆಯದೇ ಬೀಗ. ಈ ಜಾತಿಯ ಬಂದೂಕನ್ನೇ ಹುಡುಕಿ ಕೊಂಡದ್ದು ಅದಕ್ಕಾಗಿ. ಎರಡು ವರ್ಷದ ಹಿಂದೆ ಪಕ್ಕದ ರಸ್ತೆಯ ಮನೆಯವರು ದೀಪಾವಳಿ ಊಟಕ್ಕೆ ಹೋಗಿದ್ದಾಗ ಕಳ್ಳರು ಹಿಂದಿನ ಗಾಜಿನ ಬಾಗಿಲು ಒಡೆದು ಬಂಗಾರವನ್ನೆಲ್ಲ ಬಳಿದುಕೊಂಡು ಹೋಗಿದ್ದರು. ಅದಾದ ಮೇಲೆ ಒಂಟಿಯಾಗಿ ಮನೆಯಲ್ಲಿರಲು ಹೆದರಿಕೆ ಎಂದವಳು ರಮಾ. ಬಂದೂಕು ಎಂದ ಕೂಡಲೇ ಇನ್ನೂ ಹೆಚ್ಚು ಹೆದರಿದವಳೂ ಅವಳೇ. ಅವಳು ಮಕ್ಕಳ ಡಾಕ್ಟರು. ಕ್ಲಿನಿಕ್ಕಿಗೆ ಬರುವ ಪ್ರತಿಯೊಬ್ಬ ತಾಯಿಯನ್ನೂ, ಕಾರ್ ಸೀಟು ಇದೆಯಾ, ಈಜುಕೊಳಕ್ಕೆ ಬೇಲಿ ಇದೆಯಾ, ಮನೆಯಲ್ಲಿ ಬಂದೂಕು ಇದೆಯಾ ಎಂದು ಒಂದೇ ಉಸಿರಿನಲ್ಲಿ ಕೇಳುವುದು ಅವಳ ಕೆಲಸ. ಶ್ರೀಕಂಠ ಅವಳಿಗೆ ಊಟದ ಮೇಜಿನ ಮೇಲೆ ಚಿತ್ರ ಬರೆದು ವಿವರಿಸಿದ್ದ. ಮಾಮೂಲಿ ಬಂದೂಕಾದರೆ ಕಾಡತೂಸುಗಳನ್ನು ಒಂದೊಂದಾಗಿ ಅದರೊಳಗೇ ತುಂಬಿಡಬೇಕು. ಇದರದ್ದು ಹಾಗಲ್ಲ, ಐದು ಕಾಡತೂಸಿನ ಮ್ಯಾಗಜೀನು ಇಡಿಯಾಗಿ ಕಳಚಿಕೊಂಡು ಬರುತ್ತದೆ. "ಹೊಟ್ಟೇನೇ ಬಿಚ್ಚಿ ಬೇರೆ ಇಡಬಹುದು ಕಣೆ. ಹೊಟ್ಟೆ ಒಂದ್ಕಡೆ, ಇದು ಒಂದ್ಕಡೆ. ಎರಡೂ ಸೇರದೆ ಏನೂ ಆಗಲ್ಲ," ಎಂದಿದ್ದ. ಅವಳಿಗೆ ಒಪ್ಪಿಗೆಯಾದದ್ದು ಆ ಮಾತು. ಅವನಿಗೂ ಆ ಮಾತು ಎಷ್ಟು ಹಿಡಿಸಿತ್ತೆಂದರೆ ಮುಂದೆ ಯಾರು ಕೇಳಿದರೂ ಅದನ್ನೇ ಹೇಳುತ್ತಿದ್ದ. ಈಗ ಮಂಚದ ಕೆಳಗಿನ ಪೆಟ್ಟಿಗೆಯನ್ನು ಎಳೆದು, ಬೀಗದ ನಂಬರನ್ನು ಎರಡು ಸಲ ತಪ್ಪು ಒತ್ತಿ, ಮೂರನೆಯ ಸಲಕ್ಕೆ ತೆಗೆದು, ಮ್ಯಾಗಜೀನಿನಿಂದ ಕಾಡತೂಸುಗಳನ್ನು ಹೊರಗೆ ಹಾಕಿದ. ನಾಲ್ಕು. ಮತ್ತೆ ಎಣಿಸಿದ, ನಾಲ್ಕನ್ನು ಎರಡನೆಯ ಸಲ ಎಣಿಸಿದರೆ ಐದಾದೀತು ಎನ್ನುವವನ ಹಾಗೆ.

ಬಂದೂಕಿನ ಕಬ್ಬಿಣದ ಬೀರುವಿನ ಬಾಗಿಲ ಒಳಮೈಗೆ ಅವನೇ ಬರೆದು ಪ್ಲಾಸ್ಟಿಕ್ಕಿನ ಹಾಳೆ ಹೊದಿಸಿ ಅಂಟಿಸಿದ ಒಂದು ಚೀಟಿ ಇತ್ತು. ಒಂದು, ಹಿಡಿಯನ್ನು ಹಿಂದೆ ಎಳೆದು ಒಳಗೆ ಖಾಲಿ ಇದೆಯೇ ನೋಡು. ಎರಡು, ಹಿಡಿಯನ್ನು ಮುಂದೆ ತಳ್ಳು. ಮೂರು, ಮ್ಯಾಗಜೀನು ತೆಗೆ. ನಾಲ್ಕು, ಬೀಗ ಹಾಕು. ಹೃದಯದ ರಕ್ತನಾಳಕ್ಕೆ ತೂರಿಸುವ ಸಣ್ಣ ಕೊಳವೆಗಳನ್ನು ಮಾಡುವ ಕಂಪನಿಯಲ್ಲಿ ಅವನು ಕ್ವಾಲಿಟಿಯ ಮುಖ್ಯಸ್ಥ. ಇಂಥ ಚೀಟಿಗಳನ್ನು ಬರೆಯುವುದೇ ಹತ್ತೊಂಬತ್ತು ವರ್ಷದಿಂದ ಅವನ ಹೊಟ್ಟೆಪಾಡು. ನೆನಪನ್ನು ನಂಬಬೇಡಿ, ಕಾಗದವನ್ನು ನಂಬಿ ಎಂದು ಹೊಸಬರಿಗೆಲ್ಲ ಹೇಳುತ್ತಿದ್ದ. ಈಗ ಬೆರಳಿಟ್ಟು ಓದಿದ. ಒಂದು, ಎರಡು, ಮೂರು. ಎರಡನೆಯ ಸಾಲಿನ ಮೇಲೆ ಬೆರಳು ನಿಂತಿತು. ಹಿಡಿಯನ್ನು ಎಳೆದಾಗ ಕಾಣುವುದು ಖಾಲಿ ಗೂಡು, ನಿಜ. ಆದರೆ ಆಗ ಮ್ಯಾಗಜೀನು ಇನ್ನೂ ಕೆಳಗೆ ಕಚ್ಚಿಕೊಂಡೇ ಇರುತ್ತದೆ. ಖಾಲಿ ಎಂದು ಕಣ್ಣಾರೆ ನೋಡಿ, ನೆಮ್ಮದಿಯಿಂದ ಹಿಡಿಯನ್ನು ಮುಂದೆ ತಳ್ಳಿದರೆ, ಆ ತಳ್ಳುವಿಕೆಯೇ ಮ್ಯಾಗಜೀನಿನ ಮೇಲಿನ ಕಾಡತೂಸನ್ನು ಎತ್ತಿ ಒಳಗೆ ಕೂರಿಸುತ್ತದೆ. ಆಮೇಲೆ ಮ್ಯಾಗಜೀನು ತೆಗೆದರೆಷ್ಟು, ಬಿಟ್ಟರೆಷ್ಟು. ಮೂರನೆಯದು ಮೊದಲನೆಯದಾಗಬೇಕಿತ್ತು, ಅಷ್ಟೆ. ಈ ಕ್ರಮವನ್ನು ಅವನು ಆರು ಸಲ ಪರೀಕ್ಷೆ ಮಾಡಿಯೇ ಚೀಟಿ ಅಂಟಿಸಿದ್ದ. ಆರು ಸಲವೂ ಮ್ಯಾಗಜೀನು ಬರಿದಾಗಿತ್ತು.

ಮ್ಯಾಗಜೀನನ್ನು ಅವನು ನಿಜವಾಗಿ ತುಂಬಿ, ಬಂದೂಕಿಗೆ ಸಿಕ್ಕಿಸಿದ್ದು ಒಂದೇ ಒಂದು ದಿನ, ಹೋದ ವರ್ಷದ ಆಗಸ್ಟಿನಲ್ಲಿ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಂದು ಮಂಗಳವಾರ, ಮೀಟಿಂಗಿನ ನಡುವೆ, ಪಕ್ಕದ ಗೇಟಿನ ಅಗುಳಿಯನ್ನು ಯಾರೋ ಅಲ್ಲಾಡಿಸಿದ ಸದ್ದಾಗಿತ್ತು. ಮೀಟಿಂಗಿನಲ್ಲಿ ಮಾತಾಡುತ್ತಿದ್ದವರನ್ನು ಹಾಗೇ ಮಾತಾಡಲು ಬಿಟ್ಟು ಮೇಲಕ್ಕೆ ಓಡಿ, ಐದನ್ನೂ ತುಂಬಿ, ಟಕ್ಕೆಂದು ಸಿಕ್ಕಿಸಿ, ಮೆಟ್ಟಿಲಿನ ತಿರುವಿನ ಕಿಟಕಿಯಲ್ಲಿ ಇಣುಕಿ ನೋಡಿದರೆ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಮುದುಕನೊಬ್ಬ ಗ್ಯಾಸಿನ ಮೀಟರಿನ ಮುಂದೆ ಬಗ್ಗಿ ಏನನ್ನೋ ಬರೆದುಕೊಳ್ಳುತ್ತಿದ್ದ. ಅವನ ಬೋಳು ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು. ಶ್ರೀಕಂಠನಿಗೆ ನಾಚಿಕೆಯಾಗಿ, ಮೇಲೆ ಬಂದು, ಚೀಟಿಯನ್ನು ಗಟ್ಟಿಯಾಗಿ ಓದುತ್ತ ಒಂದೊಂದೇ ಹೆಜ್ಜೆ ಮಾಡಿ ಮುಗಿಸಿ, ಕೆಳಗೆ ಹೋಗಿ ಮೀಟಿಂಗಿನಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಿದ್ದ. ಆಗಸ್ಟು. ಹಾಗಾದರೆ ಅದಾದ ಮೇಲಿನ ಅಕ್ಟೋಬರಿನಲ್ಲಿ, ಪೂಜೆಯ ದಿನ?

"ರೀ, ಅದನ್ನ ತಗೊಂಡ್ಬನ್ನಿ. ಅರಿಶಿನ ಕುಂಕುಮ ಎಲ್ಲಾ ಇಲ್ಲೇ ಇಟ್ಕೊಂಡಿದೀನಿ," ಎಂದು ರಮಾ ಕೆಳಗಿನಿಂದ ಕೂಗಿದಳು. ಬಂದೆ ಎಂದ. ಹೋದ ಅಕ್ಟೋಬರಿನಲ್ಲೂ ಹೀಗೇ ಕೂಗಿದ್ದಳು. ಅದನ್ನು ಪೂಜೆಗೆ ಇಡುವ ಯೋಚನೆಯೂ ಅವಳದೇ. "ಮನೇಲಿ ಆಯುಧ ಅಂತ ಇರೋದು ಅದೊಂದೇ, ಮಿಕ್ಕಿದ್ದೆಲ್ಲ ಲ್ಯಾಪ್‌ಟಾಪು," ಎಂದು ನಕ್ಕಿದ್ದಳು. ಮ್ಯಾಗಜೀನು ಇಲ್ಲದ್ದು ಎಂದು ಅವನು ಆಗ ಬಂದೂಕಿನ ಹಿಡಿಯನ್ನು ಎಳೆದು ನೋಡುವ ಗೋಜಿಗೇ ಹೋಗಿರಲಿಲ್ಲ, ಪೂಜೆ ಮುಗಿದ ಮೇಲೆ ಹಾಗೇ ಒಯ್ದು ಬೀರುವಿನಲ್ಲಿ ನಿಲ್ಲಿಸಿದ್ದ. ಕೆಂಪು ರವಿಕೆ ಕಣದ ಮೇಲೆ ಅದನ್ನು ಮಲಗಿಸಿ, ಅದರ ಪಕ್ಕದಲ್ಲಿ ಅವಳ ಸ್ಟೆತಾಸ್ಕೋಪು, ಮಗಳು ಗಾರ್ಗಿಯ ಪಿಟೀಲು, ತರಕಾರಿ ಹೆಚ್ಚುವ ಚಾಕು, ಮೂರು ಲ್ಯಾಪ್‌ಟಾಪು, ಎಲ್ಲಕ್ಕೂ ಒಂದೊಂದು ಸೇವಂತಿಗೆ. ಮನೆಯವರಲ್ಲದೆ ಹನ್ನೊಂದು ಜನ ಬಂದಿದ್ದರು. ಮಂಗಳಾರತಿಯಾದ ಮೇಲೆ ಒಬ್ಬೊಬ್ಬರೇ ಮುಂದೆ ಬಂದು, ಬಂದೂಕನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡು ಸರಿದಿದ್ದರು. ಒಬ್ಬರು ತಮ್ಮ ಎಂಟು ತಿಂಗಳ ಕೂಸಿನ ಕೈಯನ್ನೂ ಹಿಡಿದು ಮುಟ್ಟಿಸಿದ್ದರು, ನಳಿಗೆಯ ತುದಿಗೆ. ಶ್ರೀಕಂಠ ಆ ಕೂಸಿನ ಹೆಸರನ್ನು ನೆನಪು ಮಾಡಿಕೊಳ್ಳಲು ನೋಡಿದ. ಹೊಳೆಯಲಿಲ್ಲ. ಅದು ಬೆರಳನ್ನು ತಕ್ಷಣ ಬಾಯಿಗೆ ಹಾಕಿಕೊಂಡದ್ದು ಮಾತ್ರ ನೆನಪಿತ್ತು. ಗಾರ್ಗಿ ಮಾತ್ರ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು. ಆಗ ಅವಳಿಗೆ ಹದಿನಾರು.

"ಬಾ ಪುಟ್ಟಿ, ನಮಸ್ಕಾರ ಮಾಡು," ಎಂದಿದ್ದ. "ನೋ ಅಪ್ಪಾ. ಪಿಟೀಲಿಗೆ ಮಾಡ್ತೀನಿ. ನಾಟ್ ಟು ದಟ್," ಎಂದಿದ್ದಳು. ಅವಳ ದನಿ ಜೋರಾಗಿರಲಿಲ್ಲ, ಆದರೆ ಹೋಳಿಗೆ ತಿನ್ನುತ್ತಿದ್ದವರು ತಿನ್ನುವುದನ್ನು ನಿಲ್ಲಿಸಿದ್ದರು. ಯಾರೋ, ಈಗಿನ ಮಕ್ಕಳು ಬಿಡಿ ಸಾರ್ ಎಂದು ನಕ್ಕರು. ಆ ನಗು ಅವನನ್ನು ಚುಚ್ಚಿತು. ಅವನೇ ಕರೆದ ಜನ, ಅವನದೇ ಮನೆ, ಅವನದೇ ಮಗಳು. "ಏನೂ ಇಲ್ಲ ಇದರಲ್ಲಿ. ಮ್ಯಾಗಜೀನ್ ಬಿಚ್ಚಿ ಮೇಲಿಟ್ಟಿದೀನಿ. ಮ್ಯಾಗಜೀನ್ ಇಲ್ಲದ ಮೇಲೆ ಇದು ಬರೀ ಪೈಪು." ಅವಳು, ಯಾರಾದರೂ ಬಂದೂಕು ಹಿಡಿದು ನುಗ್ಗಿದರೆ ಅಭ್ಯಾಸವಿರಲಿ ಎಂದು ತನ್ನ ಸ್ಕೂಲಿನಲ್ಲಿ ವರ್ಷಕ್ಕೆರಡು ಸಲ ಬಾಗಿಲು ಹಾಕಿ, ದೀಪ ಆರಿಸಿ, ಡೆಸ್ಕಿನ ಕೆಳಗೆ ಕೂರಿಸುತ್ತಾರೆ, ನಿನಗೆ ಗೊತ್ತಾ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಗೊತ್ತು, ಗೊತ್ತು ಎಂದು ಅವನು ಬಂದೂಕನ್ನು ಮೇಜಿನಿಂದ ಎತ್ತಿಕೊಂಡ. ಸೇವಂತಿಗೆ ಕೆಳಗೆ ಬಿತ್ತು. ಟ್ರಿಗರನ್ನು ತಡೆಯುವ ಗುಂಡಿಯನ್ನು ಹೆಬ್ಬೆರಳಿನಿಂದ ಸರಿಸಿದ್ದ, ಅದು ಕ್ಲಿಕ್ಕೆಂದಿತ್ತು. "ನೋಡು, ಒತ್ತೇ ತೋರಿಸ್ತೀನಿ, ಏನಾಗುತ್ತೆ ನೋಡು," ಎಂದು ಟ್ರಿಗರಿನ ಮೇಲೆ ಬೆರಳಿಟ್ಟಿದ್ದ. ಅವಳು "ಸ್ಟಾಪ್, ಸ್ಟಾಪ್, ಓಕೆ," ಎಂದು ಎರಡು ಹೆಜ್ಜೆ ಮುಂದೆ ಬಂದು, ಮುಖ ತಿರುಗಿಸಿಕೊಂಡೇ ಬಂದೂಕನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳದೆ, ಮಹಡಿಗೆ ಹೋಗಿಬಿಟ್ಟಿದ್ದಳು. ಅವನಿಗೆ ಸಮಾಧಾನವಾಗಿತ್ತು. ಸಮಾಧಾನವೇನು, ಸಂತೋಷವೇ ಆಗಿತ್ತು. ಮಾರನೆಯ ದಿನ ಆಫೀಸಿನಲ್ಲಿ ಕಾಫಿ ಕುಡಿಯುತ್ತ, ಮಕ್ಕಳಿಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು, ಹೇಳಿದರೆ ಕೇಳುತ್ತಾರೆ ಎಂದು ಜೊತೆಗೆ ಕೆಲಸ ಮಾಡುವ ವೀರಣ್ಣನಿಗೆ ಉಪದೇಶ ಬೇರೆ ಮಾಡಿದ್ದ. ಈಗ ಕಾರ್ಪೆಟ್ಟಿನ ಮೇಲೆ ಕೂತು, ಆ ನಡುಮನೆಯಲ್ಲಿ ನಳಿಗೆ ಯಾವ ಕಡೆಗಿತ್ತು ಎಂದು ಯೋಚಿಸಿದ. ಕಿಟಕಿಯ ಕಡೆಗಿತ್ತು ಎಂದುಕೊಂಡು ನೋಡಿದ. ಅವತ್ತು ಕಿಟಕಿ ಅವನ ಬೆನ್ನ ಹಿಂದಿತ್ತು. ಚಾವಣಿಯ ಕಡೆಗೆ ಎತ್ತಿ ಹಿಡಿದಿರಬಹುದು ಎಂದುಕೊಂಡ. ಎಷ್ಟು ಬಲವಾಗಿ ನೆನಪನ್ನು ಹಿಡಿದು ತಿರುಗಿಸಿದರೂ ಗೋಡೆ ಅಲ್ಲೇ ಇತ್ತು, ಗೋಡೆಗೆ ಒರಗಿದವಳೂ ಅಲ್ಲೇ ಇದ್ದಳು.

ಫೋನು ಬಡಿದುಕೊಂಡಿತು. ವೀರಣ್ಣ. ಗದಗಿನ ಕಡೆಯವನು, ಅವನದೇ ಕಂಪನಿಯಲ್ಲಿ ಟೆಕ್ನಿಶಿಯನ್ನು, ಅರ್ಧ ಗಂಟೆ ದೂರದ ನೆವಾರ್ಕಿನಿಂದ ಬರಬೇಕು. "ಸರ, ನಾವು ಹನ್ನೊಂದೂವರಿಗೆ ಹೊಂಡತೀವ್ರಿ. ಮನ್ಯಾಕಿ ಶೇಂಗಾ ಹೋಳಿಗಿ ಮಾಡ್ಯಾಳ, ನಡೀತದಲ್ರೀ?" ನಡೆಯುತ್ತೆ ವೀರಣ್ಣ, ಬನ್ನಿ ಎಂದ. ಮಾತು ಮುಗಿದ ಮೇಲೂ ಫೋನನ್ನು ಕಿವಿಗೆ ಹಿಡಿದೇ ಇದ್ದ. ಜೂನಿನಲ್ಲಿ ಇದೇ ವೀರಣ್ಣ ಅವನ ಕೋಣೆಗೆ ಬಂದು, ಬಾಗಿಲು ಹಾಕಿ, ಒಂದು ಟ್ರೇ ಕೊಳವೆಗಳನ್ನು ತಪಾಸಣೆಗೆ ಮುಂಚೆಯೇ ಪ್ಯಾಕೆಟ್ಟಿಗೆ ಹಾಕಿ ಮುಚ್ಚಿಬಿಟ್ಟೆ, ಎರಡು ಹೆಜ್ಜೆ ಅದಲುಬದಲಾಯಿತು ಎಂದು ತಾನಾಗಿಯೇ ಹೇಳಿದ್ದ. ಯಾರೂ ನೋಡಿರಲಿಲ್ಲ. ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಶ್ರೀಕಂಠ ಒಂಬತ್ತು ಪುಟದ ವರದಿ ಬರೆದ. ಕ್ರಮ ತಪ್ಪುವುದು ಸಣ್ಣ ವಿಷಯವಲ್ಲ, ಸಿಬ್ಬಂದಿ ತಾನಾಗಿ ಒಪ್ಪಿಕೊಂಡದ್ದು ತಪ್ಪನ್ನು ಹಗುರ ಮಾಡುವುದಿಲ್ಲ ಎಂಬ ವಾಕ್ಯ ಏಳನೆಯ ಪುಟದಲ್ಲಿತ್ತು. ಬರೆದಾಗ ಚೆನ್ನಾಗಿದೆ ಎನಿಸಿತ್ತು. ವೀರಣ್ಣನನ್ನು ಕೊಳವೆ ತಯಾರಿಸುವ ಲೈನಿನಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. "ಹೇಳಬಾರದಿತ್ತೇನ್ರೀ ಸರ?" ಎಂದು ಒಮ್ಮೆ ಪಾರ್ಕಿಂಗಿನಲ್ಲಿ ಕೇಳಿದ್ದ. ಸಿಟ್ಟಿನಿಂದಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ್ದ. ಶ್ರೀಕಂಠ ಕಾರಿನ ಕೀಲಿಯನ್ನು ಜೇಬಿನಲ್ಲಿ ಹುಡುಕುವವನಂತೆ ಮಾಡಿದ್ದ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇದೊಂದನ್ನು ಆ ನಾಲ್ಕರ ಜೊತೆ ಸೇರಿಸಿದರೆ ಐದು, ಚೀಟಿಯನ್ನು ಕಿತ್ತು ಸರಿಯಾದ ಕ್ರಮದಲ್ಲಿ ಬರೆದು ಅಂಟಿಸಿದರೆ ಮುಗಿಯಿತು. ಏನೂ ಆಗಿಲ್ಲವಲ್ಲ, ಆಗದೇ ಇದ್ದದ್ದನ್ನು ಹೇಳಿ ಯಾರನ್ನು ಹೆದರಿಸಬೇಕು. ರಮಾ ಮತ್ತೆಂದೂ ಈ ಕೋಣೆಯಲ್ಲಿ ಮಲಗುವುದಿಲ್ಲ. ಗಾರ್ಗಿ ಬರುವ ವರ್ಷ ಕಾಲೇಜಿಗೆ ಹೋಗುವವಳು, ಅಪ್ಪ ಎಂದರೆ ಇಷ್ಟೇ ಎಂದು ಕಟ್ಟಿಕೊಂಡು ಹೋಗುತ್ತಾಳೆ. ಬಂದೂಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ನಾಲ್ಕು ಕಾಡತೂಸುಗಳನ್ನು ಪೆಟ್ಟಿಗೆಯಲ್ಲಿಟ್ಟು ಅದಕ್ಕೂ ಬೀಗ ಹಾಕಿದ. ಐದನೆಯದನ್ನು ಮಾತ್ರ, ಯಾಕೆಂದು ತಿಳಿಯದೆ, ಜುಬ್ಬಾದ ಜೇಬಿಗೆ ಹಾಕಿಕೊಂಡು ಕೆಳಗಿಳಿದ. ಅದು ತೊಡೆಗೆ ಬಡಿಯುತ್ತಿತ್ತು.

ರಮಾ ಅವನ ಬರಿಗೈಯನ್ನು ನೋಡಿದಳು. "ಎಲ್ಲಿ ಅದು?" ಈ ಸಲ ಬೇಡ ಎಂದ. ಯಾಕೆ ಎಂದಳು. ಅವಳ ಬೆರಳ ತುದಿಯಲ್ಲಿ ಒದ್ದೆ ಕುಂಕುಮವಿತ್ತು. ಹೇಳಲು ಬಾಯಿ ತೆರೆದ. "ಗಾರ್ಗಿಗೆ ಇಷ್ಟ ಇಲ್ಲವಲ್ಲ, ಅದಕ್ಕೆ," ಎಂದುಬಿಟ್ಟಿತು ಬಾಯಿ. ರಮಾ ಅವನನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂದದ್ದನ್ನು ನೋಡಿ ಅವನಿಗೆ ಗಾಬರಿಯಾಯಿತು. "ಒಂದು ವರ್ಷದಿಂದ ನಿಮಗೆ ಹೇಳಬೇಕು ಅಂತಿದ್ದೆ ಕಣ್ರೀ. ಅವಳು ಅವತ್ತು ಮೇಲೆ ಹೋಗಿ ಎಷ್ಟು ಅತ್ತಳು ಗೊತ್ತಾ? ನೀವಾಗೇ ಅರ್ಥ ಮಾಡ್ಕೊಂಡ್ರಲ್ಲ," ಎಂದು, ಕುಂಕುಮ ಹತ್ತದ ಕೈಯಿಂದ ಅವನ ತೋಳನ್ನು ಹಿಡಿದಳು. ಮದುವೆಯಾಗಿ ಇಪ್ಪತ್ತೊಂದು ವರ್ಷದಲ್ಲಿ ಅವಳು ಅವನನ್ನು ಹೊಗಳಿದ್ದು ಕಡಿಮೆ. ಅವನು ತಡೆಯಬೇಕಿತ್ತು. ತಡೆಯಲಿಲ್ಲ, ಆ ಹೊಗಳಿಕೆ ಕೊಂಚ ಹೊತ್ತು ನಿಜಕ್ಕೂ ಹಿತವಾಗಿತ್ತು, ಅದೇ ಅವನಿಗೆ ಆಮೇಲೆ ಅಸಹ್ಯವೆನಿಸಿದ್ದು. "ಗಾರ್ಗಿ, ಗರಾಜಿನಲ್ಲಿದೀಯಾ? ಬಾ ಇಲ್ಲಿ, ಅಪ್ಪ ಏನು ಹೇಳಿದ್ರು ಗೊತ್ತಾ," ಎಂದು ಕೂಗಿದಳು ರಮಾ.

ಗಾರ್ಗಿ ಕಾರಿನ ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತಿದ್ದವಳು ಬಾಗಿಲಲ್ಲಿ ಬಂದು ನಿಂತಳು. ಅಮ್ಮ ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು. ವರ್ಷದಿಂದ ಅವಳು ಅವನೊಡನೆ ಜಗಳವಾಡಿರಲಿಲ್ಲ, ಆದರೆ ಊಟದ ಮೇಜಿನಲ್ಲಿ ಫೋನಿನಿಂದ ತಲೆಯೆತ್ತದೆ ಹ್ಞೂಂ, ಶೂರ್, ಫೈನ್ ಎನ್ನುವುದಕ್ಕೆ ಮಾತುಕತೆ ಎಂದು ಹೆಸರಿಟ್ಟುಕೊಂಡು ಅವನು ದಿನ ತಳ್ಳಿದ್ದ. ಈಗ ಅವಳು ನೆಟ್ಟಗೆ ಬಂದು ಅವನ ಎದೆಗೆ ಹಣೆ ತಾಗಿಸಿ, "ಥ್ಯಾಂಕ್ಯೂ ಅಪ್ಪಾ. ಸೀರಿಯಸ್ಲೀ," ಎಂದಳು. ಅವಳ ತಲೆಯಿಂದ ನಿಂಬೆಯ, ಶಾಂಪೂವಿನ ವಾಸನೆ ಬಂತು. ಜೇಬಿನಲ್ಲಿದ್ದದ್ದು ಅವರಿಬ್ಬರ ನಡುವೆ ಸಿಕ್ಕಿಕೊಂಡು ಒತ್ತಿತು. ಅವಳಿಗೂ ಒತ್ತಿರಬೇಕು. ಏನದು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಕೀಲಿ ಎಂದು ಹೇಳುತ್ತಿದ್ದ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅದಾದ ಮೇಲೆ ಇನ್ನೊಂದು, ಮತ್ತೊಂದು, ಕೊನೆಗೆ ಇವತ್ತಿನ ದಿನವನ್ನು ಅವಳು ತನ್ನ ಮಕ್ಕಳಿಗೆ ಒಳ್ಳೆಯ ಕತೆಯಾಗಿ ಹೇಳುವಾಗಲೂ ಅವನು ಸುಮ್ಮನೆ ಕೂತು ತಲೆಯಾಡಿಸಬೇಕು. ಅದನ್ನು ಮಾಡಬಲ್ಲೆ ಎಂದೂ ಗೊತ್ತಾಯಿತು. ಅದರಿಂದಲೇ ಹೆದರಿಕೆಯಾಯಿತು. "ಬಾ, ನಿಂಬೆಹಣ್ಣು ಮುಗಿಸೋಣ," ಎಂದು ಅವಳನ್ನು ಗರಾಜಿಗೆ ಕರೆದುಕೊಂಡು ಹೋದ.

ಗರಾಜಿನ ಬಾಗಿಲು ಅರ್ಧ ಮೇಲಕ್ಕೆ ಸರಿದಿತ್ತು, ಬಿಸಿಲು ಚಕ್ರಗಳವರೆಗೆ ಬಂದಿತ್ತು. ಡ್ರೈವ್‌ವೇಯಲ್ಲಿ ಒಡೆಯುವುದಕ್ಕೆ ಬೂದುಗುಂಬಳ ಕಾಯುತ್ತಿತ್ತು. ಶ್ರೀಕಂಠ ಜೇಬಿನಿಂದ ಅದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಮಾತನ್ನು ಎಲ್ಲಿಂದ ಶುರುಮಾಡಬೇಕೋ ತಿಳಿಯದೆ, ಆಫೀಸಿನಲ್ಲಿ ಹೇಳುವ ಹಾಗೆ, ತಾರೀಖಿನಿಂದ ಶುರುಮಾಡಿದ. ಆಗಸ್ಟು, ಮೀಟರಿನವನು, ಚೀಟಿ, ಒಂದು, ಎರಡು, ಮೂರು. ಇವತ್ತು ಬೆಳಗ್ಗೆ ಸಿಕ್ಕಿತು ಎಂದ. "ಅಮ್ಮಂಗೆ ಈಗ ಹೇಳಿದ್ದು ಸುಳ್ಳು. ನಿನಗೆ ಇಷ್ಟ ಇಲ್ಲ ಅಂತ ನಾನು ಅದನ್ನ ಮೇಲೆ ಬಿಟ್ಟು ಬರಲಿಲ್ಲ. ಹೆದರಿ ಬಿಟ್ಟು ಬಂದೆ. ಹೋದ ವರ್ಷ ಪೂಜೆಗೆ ಇಟ್ಟಾಗ ಇದು ಒಳಗಿತ್ತು." ಅವಳು ಕಾಡತೂಸನ್ನು ತಿರುಗಿಸಿ ಹಿತ್ತಾಳೆಯ ಬುಡವನ್ನು ನೋಡುತ್ತಿದ್ದಳು. ಅವನಿಗೆ ಅದನ್ನು ಕಸಿದುಕೊಳ್ಳಬೇಕೆನಿಸಿತು.

"ಡಸ್ ಅಮ್ಮಾ ನೋ?" ಇಲ್ಲ ಎಂದ. "ಎಲ್ರೂ ಟಚ್ ಮಾಡಿದ್ರು," ಎಂದಳು. "ದಟ್ ಬೇಬಿ ಟಚ್ಡ್ ಇಟ್." ಹೌದು ಎಂದ. "ಯೂ ಹ್ಯಾವ್ ಟು ಟೆಲ್ ದೆಮ್. ಎವರಿಬಡಿ. ಇವತ್ತು ಬರ್ತಾರಲ್ಲ, ಎಲ್ರಿಗೂ." ಅವನಿಗೆ ಕೂಸಿನ ತಾಯಿಯ ಮುಖ, ವೀರಣ್ಣ ಹೋಳಿಗೆಯ ಡಬ್ಬ ಹಿಡಿದು ನಡುಮನೆಯಲ್ಲಿ ನಿಂತಿರುವುದು, ಎಲ್ಲ ಒಟ್ಟಿಗೆ ಕಂಡಿತು. ವೀರಣ್ಣ ಏನೂ ಅನ್ನುವುದಿಲ್ಲ. ಅದಕ್ಕಿಂತ ವರದಿಯ ಏಳನೆಯ ಪುಟವನ್ನು ಅವನು ಬಾಯಿಪಾಠ ಒಪ್ಪಿಸಿದ್ದರೆ ವಾಸಿಯಿತ್ತು. "ಆಯ್ತು. ಮಂಗಳಾರತಿಗೆ ಮುಂಚೆ ಹೇಳ್ತೀನಿ. ಪೊಲೀಸ್ ಸ್ಟೇಷನ್ನಿಗೆ ನಾಳೆ ಫೋನ್ ಮಾಡಿ, ಬಂದೂಕನ್ನ ತಗೊಂಡು ಹೋಗಿ ಅಂತ ಹೇಳ್ತೀನಿ," ಎಂದ. ಹೇಳಿದ ಮೇಲೆ ಹಗುರಾಗಬಹುದೆಂದು ಕಾದ. ಆಗಲಿಲ್ಲ.

ಗಾರ್ಗಿ ಕಾರಿನ ಬಾನೆಟ್ಟಿಗೆ ಒರಗಿ ನಿಂತಳು. ಅವಳು ಅಳುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಯಾವುದೋ ಲೆಕ್ಕ ಬಿಡಿಸುವವಳ ಹಾಗೆ ನೆಲ ನೋಡುತ್ತಿದ್ದಳು. ಆಮೇಲೆ, ಚಿಕ್ಕವಳಿದ್ದಾಗ ಬಿಟ್ಟರೆ ಎಂದೂ ಇಂಗ್ಲಿಷ್ ಬೆರೆಸದೆ ಅವನೊಡನೆ ಇಷ್ಟುದ್ದ ಮಾತಾಡದವಳು, ಪದಗಳನ್ನು ಒಂದೊಂದಾಗಿ ಹುಡುಕಿಕೊಂಡು ಕೇಳಿದಳು.

"ಅವತ್ತು ನಾನು ಬಂದು ಮುಟ್ಟಿದೆ ಅಲ್ವಾ ಅಪ್ಪ. ಮುಟ್ಟಲ್ಲ ಅಂತ ಇನ್ನೊಂದು ಸಲ ಹೇಳಿದ್ದಿದ್ರೆ, ನೀನು ಏನು ಮಾಡ್ತಿದ್ದೆ?"

ಹೊರಗೆ ಯಾರದೋ ಕಾರು ನಿಧಾನವಾಗಿ ಹಾದುಹೋಯಿತು. ಗೊತ್ತಿಲ್ಲ ಎನ್ನಬಹುದಿತ್ತು. ಅಮ್ಮ ತಡೆಯುತ್ತಿದ್ದಳು ಎನ್ನಬಹುದಿತ್ತು. ಅವನು ಅವಳ ಮುಖವನ್ನು ನೋಡಿ, ನೋಡಲಾಗದೆ, ಅವಳ ಅಂಗೈಯಲ್ಲಿದ್ದದ್ದನ್ನು ನೋಡಿದ.

"ಒತ್ತುತ್ತಿದ್ದೆ," ಎಂದ.